ಮೂವತ್ತೇಳನೆಯ ಮೇಣ

ನಾನು ಕಾಯಿಸಿದ ಮೇಣ ಎಂಥದ್ದೆಂದರೆ, ಒಮ್ಮೆ ಅದನ್ನು ಅಡಿಗೆ ಬಳಿದು ಗೋಡೆಗೆ ಒರಗಿಸಿಟ್ಟ, ಹಿಮದ ಮೇಲೆ ಜಾರುವ ನನ್ನ ಸ್ಕೀ ಹಲಗೆಗಳೆರಡೂ ನನ್ನನ್ನು ಬಿಟ್ಟು ತಾವೇ ಗುಡ್ಡ ಇಳಿದು, ಸ್ವೀಡನ್ನಿನ ಗಡಿ ಮುಟ್ಟಿ, ಕಾಫಿ ಕುದಿಯುವಷ್ಟರಲ್ಲಿ ಮರಳಿ ಬಂದು ಬಾಗಿಲು ತಟ್ಟಿದವು. ನಮ್ಮೂರು ಎಂಗರ್ಡಾಲಿನಲ್ಲಿ ಇದನ್ನು ನಂಬದವರಿಲ್ಲ, ಬೋರ್ಗ್‌ಹಿಲ್ಡ್ ಒಬ್ಬಳನ್ನು ಬಿಟ್ಟು.

ಬೋರ್ಗ್‌ಹಿಲ್ಡ್ ಹೊಳೆಯಾಚೆಯ ಮನೆಯವಳು. ಗಂಡ ತೀರಿ ಹದಿಮೂರು ವರ್ಷ. ಹನ್ನೊಂದು ಚಳಿಗಾಲದಿಂದ ನನ್ನ ಮೇಣಗಳ ಪರೀಕ್ಷೆಗೆ ಜೊತೆಗಾತಿ. ಪರೀಕ್ಷೆ ಸುಲಭ: ಅವಳ ಸ್ಕೀಗೊಂದು ಮೇಣ, ನನ್ನದಕ್ಕೊಂದು. ವೇಗ ಸಮನಾಗಿರಲೆಂದು ಕೈ ಹಿಡಿದುಕೊಂಡು ಪಕ್ಕಪಕ್ಕದ ಜಾಡಿನಲ್ಲಿ ಇಳಿಯಬೇಕು. ಕೆಂಪು ಬಟ್ಟೆ ಕಟ್ಟಿದ ಗೂಟದ ಹತ್ತಿರ ಕೈ ಬಿಡಬೇಕು. ಆಮೇಲೆ ಯಾರು ಹೆಚ್ಚು ದೂರ ಜಾರುತ್ತಾರೋ ಅವರ ಮೇಣ ಗೆದ್ದಂತೆ.

ಗುಡ್ಡದ ನೆತ್ತಿಯಿಂದ ಗೂಟದವರೆಗೆ, ಕೈಯಲ್ಲಿ ಕೈ, ಒಂಬತ್ತು ಉಸಿರಿನ ಹೊತ್ತು. ದಿನದ ಉಳಿದ ಉಸಿರುಗಳನ್ನೆಲ್ಲ ನಾನು ಮರುದಿನದ ಮೇಣ ಕಾಯಿಸುವುದರಲ್ಲೇ ಕಳೆಯುತ್ತಿದ್ದೆ.

ಈ ಮಾರ್ಚಿನಲ್ಲಿ ಅವಳು ಗುಡ್ಡದ ಮೇಲೆ ಕೈಗವುಸು ತೊಡುತ್ತ ಅಂದಳು:

"ಈಸ್ಟರ್ ಆದ್ಮೇಲೆ ಆ ದೂರದ ಬೋಡೋಗೆ ಹೋಗ್ತೀನಿ, ಅಕ್ಕನ ಮನೆಗೆ. ಇನ್ಮೇಲೆ ಅಲ್ಲೇ. ಅಷ್ಟರಲ್ಲಿ ಮುಗಿಯುತ್ತೇನಪ್ಪಾ ನಿನ್ನ ಮೇಣದ ಪರೀಕ್ಷೆ?"

ಆಗಲೇ ಬಿಗಿದಿದ್ದ ಸ್ಕೀ ಪಟ್ಟಿಯನ್ನೇ ನಾನು ಮತ್ತೆ ಬಿಗಿದೆ. ಬಾಯಿ ಮಾತ್ರ ಎಂದಿನಂತೆ ಓಡಿತು.

"ಎಲ್ಲಿ ಮುಗಿಯುತ್ತೆ! ಈ ಮೂವತ್ತೇಳನೇದು ಹಿಮಾನೇ ಬೆಣ್ಣೆ ಮಾಡ್ಬಿಡುತ್ತೆ. ಇನ್ನೂ ಹತ್ತು ಚಳಿಗಾಲ ಬೇಕು. ಒಲಿಂಪಿಕ್‌ನವರು ನನ್ನ ಬಾಗಿಲಲ್ಲಿ ಸಾಲು ನಿಂತಿದಾರೆ."

"ಪಾಪ, ಅವರಿಗೆ ಕೂರೋಕೆ ಬೆಂಚಾದ್ರೂ ಹಾಕು ಮಾರಾಯ."

ಇಳಿದೆವು. ಗೂಟ ಬಂದಾಗ ಅವಳು ಕೈ ಬಿಟ್ಟಳು. ನಾನು ಅರೆಗಳಿಗೆ ತಡಮಾಡಿ ಬಿಟ್ಟೆ. ಎಂದಿನ ಜುನಿಪರ್ ಪೊದೆಯ ಬಳಿ ಇಬ್ಬರೂ ನಿಂತೆವು.

ಅವಳು ತನ್ನ ಸ್ಕೀ ಕಳಚಿ, ಅಡಿಯನ್ನು ಉಗುರಿನಿಂದ ಕೆರೆದು ಮೂಸಿದಳು. ಆಮೇಲೆ ಕುದುರೆಗೆ ಲಾಳ ಹೊಡೆಯುವವಳಂತೆ ನನ್ನ ಕಾಲೆತ್ತಿಸಿ ನನ್ನದನ್ನೂ ಮೂಸಿದಳು.

"ಓಡ್ವಾರ್, ನನ್ನ ಸ್ಕೀಗೆ ಬಳಿದ ಮೂವತ್ತಾರನೇ ಮೇಣಕ್ಕೆ ಏನು ಹಾಕಿದೀಯ?"

"ಜೇನುಮೇಣ, ಪೈನ್ ಮರದ ಟಾರು, ಒಂದು ಗುಟ್ಟು."

"ನಿನ್ನ ಮೂವತ್ತೇಳಕ್ಕೆ?"

"ಟಾರು... ಜೇನುಮೇಣ..."

"ಮತ್ತೆ ಗುಟ್ಟು?"

ನಾನು ಪೊದೆಯ ಕಡೆ ನೋಡಿದೆ.

"ಹನ್ನೊಂದು ವರ್ಷದಿಂದ ನಮ್ಮಿಬ್ಬರಲ್ಲಿ ಒಬ್ಬರೂ ಈ ಪೊದೆ ದಾಟಿಲ್ಲ ಕಣೋ ಸುಳ್ಳ. ಎರಡೂ ಒಂದೇ ಪಾತ್ರೇದು ತಾನೆ?"

"ಹೌದು," ಎಂದೆ. "ಮೊದಲನೇ ಚಳಿಗಾಲದಲ್ಲೇ ಪರೀಕ್ಷೆ ಮುಗಿದಿತ್ತು ಬೋರ್ಗ್‌ಹಿಲ್ಡ್. ಅಂಗಡಿ ಮೇಣಕ್ಕಿಂತ ಏನೂ ಹೆಚ್ಚಲ್ಲ. ಸ್ವೀಡನ್ನಿಗೂ ಯಾವ ಸ್ಕೀನೂ ಹೋಗಿರಲಿಲ್ಲ."

ಅವಳು ನನ್ನ ಕಾಲು ಬಿಡದೆ ಕಾದಳು.

"ಮತ್ತೆ ಆ ಗೂಟ... ಆಗ ಅಲ್ಲಿವರೆಗೆ ನಾಲ್ಕೇ ಉಸಿರಿತ್ತು. ಪ್ರತಿ ವರ್ಷ ಹಿಮ ಬೀಳೋಕೆ ಮುಂಚೆ ಕಿತ್ತು, ಒಂಚೂರು ಕೆಳಗೆ ನೆಡ್ತಾ ಬಂದೆ."