ಪೆಟ್ಟಿಗೆಯ ಮೇಲಿನ ಜಂಬಮ್ಮ

ಕೆಂಚನಗುಡ್ಡದ ಜಂಬಮ್ಮನ ನಡುನೆತ್ತಿಯಲ್ಲಿ ಅಂಗೈಯಗಲ ಕೂದಲಿಲ್ಲ. ಅದು ರೋಗವಲ್ಲ, ಬುಟ್ಟಿ ತಿಂದ ಜಾಗ. ಗಂಡ ಸತ್ತಾಗಿನಿಂದ ಹೊಳೆದಂಡೆಯ ತುಂಡು ಹೊಲದಲ್ಲಿ ಬದನೆ, ಹೀರೆ, ಚವಳಿ, ಪುಂಡಿಪಲ್ಯ ಬೆಳೆದು, ತಲೆಯ ಮೇಲೆ ಹೊತ್ತು ಸಿರುಗುಪ್ಪದ ಸಂತೆಗೆ ಹೋಗಿ ಬಂದ ಗುರುತು. ಬಳ್ಳಾರಿಯಿಂದ ಬಂದ ಫೋಟೋದವನು ಅದನ್ನು ನೋಡಿ, "ಸೆರಗು ಮುಂದಕ್ಕ ಎಳ್ಕೊಳ್ರಿ ಅಮ್ಮ, ಚೆಂದ ಕಾಣಂಗಿಲ್ಲ" ಅಂದ. ಎಳೆದುಕೊಂಡಳು. ನಗ್ರಿ ಅಂದ. ನಕ್ಕಳು.

ಆ ನಗುವೇ ಹೋಗಿ, ಹೆಸರಿನ ಸಮೇತ, ಪೆಟ್ಟಿಗೆಯ ಮೇಲೆ ಕೂತಿತು.

ಆ ರಟ್ಟಿನ ಪೆಟ್ಟಿಗೆ ಸಂಕರ್ಷಣನದು. ಓದಿದವನು, ಮೆತ್ತಗೆ ಮಾತಾಡುವವನು. ಕೌಲ್ ಬಜಾರಿನಲ್ಲಿ ಗೋದಾಮು ಹಿಡಿದು, ಹಳ್ಳಿಯ ಕಾಯಿಪಲ್ಯ ತರಿಸಿ, ಪೆಟ್ಟಿಗೆಗೆ ತುಂಬಿ ವಾರಕ್ಕೊಮ್ಮೆ ಬಳ್ಳಾರಿಯ ಮನೆಮನೆಗೆ ಮುಟ್ಟಿಸುತ್ತಿದ್ದ. "ಆಯಾ ಕಾಲಕ್ಕೆ ಏನು ಬರ್ತದೋ ಅದನ್ನ ಕೊಡ್ರಿ. ಔಷಧಿ ಹೊಡೀಬ್ಯಾಡ್ರಿ. ನೀವು ನಾವು ಪಾಲುದಾರರು" ಅಂದಿದ್ದ. ಆ ಮಾತು ಜಂಬಮ್ಮನಿಗೆ ಹಿಡಿಸಿತು. ಅಲ್ಲಿಯತನಕ ಸಂತೆಯಲ್ಲಿ ಆಕೆಯನ್ನು "ಏ ಬದನಿಕಾಯೇ" ಎಂದು ಕೂಗಿದವರೇ ಹೆಚ್ಚು. ಆಕೆಯ ಮಾತು ಕೇಳಿ ಓಣಿಯ ಓಬಳೇಶ, ಮಾರೇಶ ಕೂಡ ತಮ್ಮ ಮಾಲು ಅವನಿಗೇ ಕೊಡತೊಡಗಿದರು.

ಜಂಬಮ್ಮ ಪೆಟ್ಟಿಗೆಗೊಂದು ಹಿಡಿಯಂತೆ ಕರಿಬೇವೋ ಕೊತ್ತಂಬರಿಯೋ ಕೊಸರು ಕಟ್ಟಿ ಮಾಲಿನ ಜೊತೆ ಕಳಿಸುವಳು. ತೂಗಿದ ಮೇಲೆ ಕೊಸರು ಹಾಕದಿದ್ದರೆ ಕೊಂಡವರ ಕಣ್ಣು ಹೊಲದ ಮೇಲೆ ಬೀಳುತ್ತದೆ ಎಂದು ಅತ್ತೆ ಹೇಳಿಕೊಟ್ಟಿದ್ದಳು.

ಬೇಸಿಗೆ ಬಂತು, ಕಾಲುವೆ ನಿಂತಿತು. ಜಂಬಮ್ಮ ಕೊನೆಯ ಬದನೆ ಕಿತ್ತು, ಗಿಡ ಕಡಿದು, ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸಿದಳು. ಹೆತ್ತ ಹೊಲಕ್ಕೆ ಬಾಣಂತನ ಮಾಡಬೇಕು. ಮಳೆಯಾಗುವತನಕ ಅದರ ಹತ್ತಿರ ಏನೂ ಬೇಡಬಾರದು. ಸಂಕರ್ಷಣನಿಗೂ ಹೇಳಿ ಕಳಿಸಿ, ತಾನು ಇಟ್ಟಿಗೆ ಭಟ್ಟಿಗೆ ಕೂಲಿಗೆ ಹೋದಳು. ಹೊಲ ಮಲಗಿತೆಂದರೆ ಪೆಟ್ಟಿಗೆಯೂ ಮಲಗಿತು ಎಂದೇ ಆಕೆ ತಿಳಿದಿದ್ದಳು.

ಒಂದು ದಿನ ಕಮ್ಮಾರನ ಹತ್ತಿರ ಕುಡುಗೋಲಿನ ಬಾಯಿ ಹಣಿಸಿಕೊಂಡು ಬರಲು ಕೌಲ್ ಬಜಾರಿಗೆ ಹೋಗಿದ್ದಾಗ, ಆಟೋದಿಂದ ಇಳಿಯುತ್ತಿದ್ದ ಮುದುಕಿಯೊಬ್ಬಳು ಆಕೆಯನ್ನು ತಡೆದು ನಿಲ್ಲಿಸಿದಳು.

"ಏ, ನಿಲ್ಲವ್ವ! ನೀನು ಪೆಟ್ಟಿಗಿ ಜಂಬಮ್ಮ ಹೌದಲ್ಲ?"

ಜಂಬಮ್ಮನಿಗೆ ಹಿಗ್ಗಾಯಿತು. "ಹೌದ್ರಿ ಯಮ್ಮಾ. ಹೆಂಗ ಗುರ್ತು ಹಿಡಿದ್ರಿ?"

"ಹೆಂಗಂದ್ರ? ವಾರವಾರ ನಮ್ಮ ಅಡಿಗಿಮನ್ಯಾಗ ನಿನ್ನ ಮಾರಿನೇ ನೋಡ್ತೀನಿ! ನಾಚ್ಕಿ ಇಲ್ಲೇನು ನಿನಗ? ಬದನಿಕಾಯಿ ಹೆಚ್ಚಿದ್ರ ಔಷಧಿ ವಾಸನಿ ಮೂಗಿಗಿ ಬಡೀತೈತಿ. ಮೊದಲು ಒಂದು ಎಸಳು ಕರಿಬೇವರ ಕೊಸರು ಹಾಕ್ತಿದ್ದಿ. ಈಗ ಅದಕ್ಕೂ ಕೈ ಬರವಲ್ದು. ದೊಡ್ಡಾಕಿ ಆಗಿಬಿಟ್ಟಿ!"

"ಯಮ್ಮಾ, ನಾ ಎಲ್ಲಿ ಬದನಿಕಾಯಿ ಕೊಟ್ಟೀನ್ರಿ? ನನ್ನ ಹೊಲದಾಗ ಈಗ ಕುರಿ ಅದಾವು."

"ಹಂಗಾದ್ರ ಕುರಿನೇ ಬದನಿಕಾಯಿ ಹಾಕಿರಬೇಕು ಬಿಡಮ್ಮ" ಅಂದ ಆಟೋದವನು. ಸುತ್ತ ನಿಂತವರು ನಕ್ಕರು. ಮುದುಕಿ ನಗಲಿಲ್ಲ. "ಸುಳ್ಳು ಬ್ಯಾರೆ" ಎಂದು ಮುಖ ತಿರುಗಿಸಿ ಹೋದಳು.

ಜಂಬಮ್ಮ ನೆಟ್ಟಗೆ ಗೋದಾಮಿಗೆ ನಡೆದಳು. ಒಳಗೆ ಸಾಲಾಗಿ ಕೂತ ಹೆಂಗಸರು ಮಾರ್ಕೆಟ್ಟಿನ ಚೀಲ ಬಿಚ್ಚಿ ಪೆಟ್ಟಿಗೆ ತುಂಬುತ್ತಿದ್ದರು. ಗೋಡೆಯ ಉದ್ದಕ್ಕೂ ಒಟ್ಟಿದ ಪೆಟ್ಟಿಗೆಗಳ ಮೇಲೆಲ್ಲ ಆಕೆಯೇ ನಗುತ್ತಿದ್ದಳು. ತುಂಬುವವರಲ್ಲಿ ಮೌನಿಕಾ ಎಂಬವಳು ಆಕೆಯನ್ನು ನೋಡಿ ತಲೆ ತಗ್ಗಿಸಿದಳು.

ಸಂಕರ್ಷಣ ಕುರ್ಚಿ ಎಳೆದ. "ಬರ್ರಿ ಜಂಬಮ್ಮ. ಚಾ ತರಸ್ಲೇನು?"

"ಚಾ ಬ್ಯಾಡ್ರಿ. ಇವು ಯಾರ ಕಾಯಿ?"

"ಮಾರ್ಕೆಟ್ಟಿನವು. ನಿಮ್ಮ ಹೊಲ ರಜಾ ಹಾಕ್ತು. ಮಂದಿ ಹೊಟ್ಟಿ ರಜಾ ಹಾಕ್ತದೇನ್ರಿ?"

"ಮಾರ್ರಿ, ಬ್ಯಾಡ ಅನ್ನಲ್ಲ. ನನ್ನ ಮುಖ ತಗದು ಮಾರ್ರಿ."

"ಮುಖ ತೆಗೆದ್ರೆ ಯಾರು ತಗೋತಾರೆ? ಮಂದಿ ಕಾಯಿ ಕೊಳ್ಳಲ್ಲಮ್ಮ, ನಂಬಿಕಿ ಕೊಳ್ತಾರೆ."

"ಆ ನಂಬಿಕಿ ನನ್ನದು. ಅದನ್ನ ನಾ ಯಾವತ್ತೂ ತಕ್ಕಡ್ಯಾಗ ಹಾಕಿಲ್ಲ. ಬಾಣಂತಿಗಿ ಬಸುರಿ ಸೀರಿ ಉಡಿಸಿ ಊರಾಗ ಮೆರೆಸಿದಂಗ ಮಾಡೀರಲ್ರಿ!"

ಅವನ ದನಿ ಏರಲಿಲ್ಲ. "ನೋಡ್ರಿ, ಮಳಿ ಬಂದಮ್ಯಾಲೆ ನಿಮ್ಮ ಮಾಲು ನಾನೇ ತಗೋಬೇಕು. ನಿಮ್ಮ ಓಣಿಯವರದ್ದೂ ನಾನೇ ತಗೋಬೇಕು. ವಿಚಾರ ಮಾಡ್ರಿ."

ಜಂಬಮ್ಮ ವಿಚಾರ ಮಾಡಿದಳು. ಓಬಳೇಶ, ಮಾರೇಶ, ಅವರ ಮಕ್ಕಳು, ಎಲ್ಲ ಕಣ್ಮುಂದೆ ಬಂದರು. ಬೀದಿಯಲ್ಲಿ ನಕ್ಕವರೂ ಬಂದರು. ಚೀಲದಿಂದ ಕುಡುಗೋಲು ತೆಗೆದಳು. ಸಂಕರ್ಷಣ ಗಾಬರಿಯಾಗಿ ಕುರ್ಚಿಯ ಹಿಂದೆ ಸರಿದ. ಆಕೆ ಅವನ ಕಡೆ ನೋಡಲೂ ಇಲ್ಲ. ಕುಕ್ಕರಗಾಲಲ್ಲಿ ಕೂತು, ಮುಂದಿದ್ದ ಪೆಟ್ಟಿಗೆಯಿಂದ ತನ್ನ ಮುಖ ಕೊಯ್ದಳು. ಮತ್ತೊಂದರಿಂದ ಕೊಯ್ದಳು. ಹೆಂಗಸರ ಕೈ ನಿಂತವು. ಮೌನಿಕಾ ಕೂತಲ್ಲಿಂದಲೇ ಇನ್ನೊಂದು ಪೆಟ್ಟಿಗೆಯನ್ನು ಕಾಲಿನಿಂದ ಆಕೆಯತ್ತ ಸರಿಸಿದಳು. ಹಮಾಲರು ಬಂದು ರಟ್ಟೆ ಹಿಡಿದು ಹೊರಗೆ ಹಾಕುವತನಕ ಜಂಬಮ್ಮ ಕೊಯ್ಯುತ್ತಲೇ ಇದ್ದಳು.

ಮರುವಾರ ಓಣಿಗೆ ಸುದ್ದಿ ಬಂತು. ಮಳೆಯಾದ ಮೇಲೆ ಮಾಲು ಒಯ್ಯಲು ಸಂಕರ್ಷಣನ ಗಾಡಿ ಆ ಓಣಿಗೆ ಬರುವುದಿಲ್ಲ.

ಓಬಳೇಶ ಬಾಗಿಲಿಗೆ ಬಂದು ನಿಂತ. "ನಿನ್ನ ಮುಖ ಉಳಿಸ್ಕೊಂಡಿ ಯಕ್ಕಾ. ನಮ್ಮ ಬದನಿಕಾಯಿ ಯಾರು ಉಳಸ್ಬೇಕು?"

ಆಕೆ ಚೊಂಬಿನಲ್ಲಿ ನೀರು ತಂದಿಟ್ಟಳು. ಅವನು ನೀರೂ ಕುಡಿಯದೆ ಹೋದ.

ಆಮೇಲೆ ಮೌನಿಕಾ ಬಂದಳು. ಕಾಲಿನಿಂದ ಪೆಟ್ಟಿಗೆ ಸರಿಸಿದ್ದಕ್ಕೆ ಅವಳ ಕೆಲಸ ಹೋಗಿತ್ತು. ಬಗಲಲ್ಲಿ ತುಂಬಿದ ಪೆಟ್ಟಿಗೆಯೊಂದಿತ್ತು.

"ನೋಡಕ್ಕಾ. ನೀ ಹ್ವಾದಿ, ಇಕಿ ಬಂದ್ಲು."

ಪೆಟ್ಟಿಗೆಯ ಮೇಲೆ ಬೇರೊಬ್ಬ ಹೆಂಗಸು ನಗುತ್ತಿದ್ದಳು. ಕೆಳಗಿನ ಅಕ್ಷರವನ್ನು ಮೌನಿಕಾ ಓದಿದಳು: "ಕುರುಗೋಡಿನ ವಿರೂಪಮ್ಮನ ಹೊಲದಿಂದ ನೇರ ನಿಮ್ಮ ಮನೆಗೆ."

ಜಂಬಮ್ಮ ಆ ಪೆಟ್ಟಿಗೆ ಹೊತ್ತುಕೊಂಡು ಕುರುಗೋಡಿಗೆ ಬೆಳಗಿನ ಬಸ್ಸು ಹತ್ತಿದಳು.

ವಿರೂಪಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಪೆಟ್ಟಿಗೆ ನೋಡಿದವರೇ ದಾರಿ ತೋರಿಸಿದರು. ದೇವರ ಮಾಡದ ಪಕ್ಕದಲ್ಲಿ ಅವಳು ಆ ಫೋಟೋ ಅಂಟಿಸಿಕೊಂಡಿದ್ದಳು. ಜಂಬಮ್ಮ ತಾನು ಯಾರೆಂದು ಹೇಳುತ್ತಲೇ ಅವಳ ಮುಖ ಬಿಗಿಯಿತು.

"ನಿನ್ನ ತಗದು ನನ್ನ ಹಾಕಿದ್ರು ಅಂತ ಹೊಟ್ಟಿಕಿಚ್ಚಿಗಿ ಬಂದೀಯೇನು?"

"ಹಂಗ ತಿಳ್ಕೊ ತಂಗಿ. ಈ ವಾರ ಪೆಟ್ಟಿಗಿಗೆ ಏನು ಕಳಿಸಿದಿ?"

"ಏನು ಕಳಸ್ಲಿ? ಬಾವಿ ತಳ ಕಂಡೈತಿ. ಹೊಲ ಹರಗಿ ಬಿಟ್ಟೀನಿ."

ಜಂಬಮ್ಮ ಪೆಟ್ಟಿಗೆಯನ್ನು ಕಟ್ಟೆಯ ಮೇಲೆ ಸುರುವಿದಳು. ಗಜ್ಜರಿ, ಹೂಕೋಸು, ಅಚ್ಚಿನಲ್ಲಿ ತೆಗೆದಂಥ ಟಮೋಟ. ವಿರೂಪಮ್ಮ ಒಂದು ಗಜ್ಜರಿ ಎತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿದಳು.

"ಗಜ್ಜರಿ ನಾನು ಯಾವತ್ತು ಬೆಳದೀನಿ?" ಅಂದಳು. ಪೆಟ್ಟಿಗೆಯ ಮೇಲಿನ ಅಕ್ಷರಕ್ಕೆ ಬೆರಳಿಟ್ಟು, "ಇದು ನಂದು ಅಂತ ಬರದಾರೇನು?"

"ಹಂಗಂತ ಓದಿ ಹೇಳಿದ್ರು."

"ಮಂದಿ ಬೈತಾರೇನು?"

"ನನಗ ನಡುಬೀದ್ಯಾಗ ನಿಂದ್ರಿಸಿ ಬೈದ್ರು. ನಿನಗ ಇನ್ನೂ ಸಿಕ್ಕಿಲ್ಲ, ಅಷ್ಟೆ."

ವಿರೂಪಮ್ಮ ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆ ಎಂದು ಜಂಬಮ್ಮ ಕಾಯಿಪಲ್ಯ ಬಳಿದು ಪೆಟ್ಟಿಗೆಗೆ ತುಂಬತೊಡಗಿದಳು. ಒಳಗೆ ಕಾಗದ ಹರಿದ ಸದ್ದಾಯಿತು. ವಿರೂಪಮ್ಮ ಸೆರಗು ಸೊಂಟಕ್ಕೆ ಸಿಗಿಸಿಕೊಳ್ಳುತ್ತ ಹೊರಗೆ ಬಂದಳು.

"ಯಕ್ಕಾ, ನೀ ಒಬ್ಬಾಕಿ ಹ್ವಾದಿ, ಎತ್ತಿ ಹೊರಗ ಹಾಕಿದ್ರು. ಈ ಓಣ್ಯಾಗ ಅವನಿಗಿ ಮಾಲು ಕೊಟ್ಟಾಕಿ ನಾ ಒಬ್ಬಾಕೇ ಅಲ್ಲ. ಎಷ್ಟು ಮಂದಿನ್ನ ಎತ್ತತಾನ ನೋಡಾಣ."

"ಅವನು ಮಾಲು ತಗಳ್ಳಂಗಿಲ್ಲ ಅಂತಾನ ತಂಗಿ. ಮೊದಲ ತಿಳದಿರ್ಲಿ."

"ಈಗೇನು ತಗಂಡಾನ?"

ಓಣಿಯ ನಡುವೆ ನಿಂತು ವಿರೂಪಮ್ಮ ಒಬ್ಬೊಬ್ಬರ ಹೆಸರು ಹಿಡಿದು ಕೂಗಿದಳು. ತೆರೆದಿದ್ದ ಕೆಲವು ಬಾಗಿಲು ಮೆಲ್ಲಗೆ ಮುಚ್ಚಿಕೊಂಡವು. ಮುಚ್ಚಿದ್ದ ಕೆಲವು ತೆರೆದವು. ಹೊರಗೆ ಬಂದ ಹೆಂಗಸರು ಹಿಟ್ಟಿನ ಕೈ ಒರೆಸಿಕೊಳ್ಳುತ್ತ, ಎಲ್ಲಿಗೆ, ಯಾಕೆ ಎಂದು ಕೇಳುತ್ತಲೇ ಬಳ್ಳಾರಿಯ ಬಸ್ಸು ನಿಲ್ಲುವ ಕಡೆಗೆ ನಡೆದರು.