ಅರ್ಧ ತುಂಬಿದ ಟಾಕಿ

ಎರಡು ವರ್ಷ ಮಳೆ ಕೈಕೊಟ್ಟಿತ್ತು. ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳಿಗೆ ಟ್ಯಾಂಕರ್ ನೀರು ಕಳಿಸುವ ಗುತ್ತಿಗೆ ಬೀದರಿನ ಗೋರಖನಾಥನ ಕಂಪನಿಗೆ ಸಿಕ್ಕಿತು. ಯಾವ ಊರ ನೀರಿನ ಟಾಕಿಯಲ್ಲಿ ಎಷ್ಟು ನೀರಿದೆ ಎಂದು ಒಂದೇ ಪರದೆಯಲ್ಲಿ ತೋರಿಸುವ ಸಾಫ್ಟ್‌ವೇರ್ ಬರೆಯಲು ಅವನು ಸಾಯಗಾಂವದ ಶಾಲುಬಾಯಿಯನ್ನು ಇಟ್ಟುಕೊಂಡ. ಎರಡು ವರ್ಷದೊಳಗೆ ಕೆಲಸ ಬಿಟ್ಟು ಹೋಗಬಾರದೆಂದು ಅವಳ ಡಿಗ್ರಿ ಸರ್ಟಿಫಿಕೇಟುಗಳನ್ನೂ ತನ್ನ ಬಳಿಯೇ ಇರಿಸಿಕೊಂಡ.

ಫ್ರೇಮ್‌ವರ್ಕ್‌ನಲ್ಲಿ , ಅಂದರೆ ಅವಳು ಬಳಸುತ್ತಿದ್ದ ತಯಾರಿ ತಂತ್ರಾಂಶದಲ್ಲಿ, ಸಿದ್ಧವಾಗಿ ಸಿಗುತ್ತಿದ್ದದ್ದು ಉದ್ದನೆಯ ಅಡ್ಡಗೆರೆ, ಅದರ ಮೇಲೊಂದು ಸಣ್ಣ ಅಂಕಿ. ಟ್ಯಾಂಕರ್ ಹೊರಡಿಸುವ ಮುದುಕ ಮಡೆಪ್ಪ ಅದನ್ನು ನೋಡಿ ತಲೆಯಾಡಿಸಿದ.

"ಈ ಅಂಕಿ ನನ್ನ ಕಣ್ಣಿಗಿ ಹತ್ತಂಗಿಲ್ಲವ್ವ. ಟಾಕಿ ಚಿತ್ರಾನೇ ತೆಗದು ಕೊಡು."

ಶಾಲು ಆ ಸಿದ್ಧ ಗೆರೆ ಬಿಟ್ಟು, ಪರದೆಯ ಮೇಲೆ ಚಿತ್ರ ಬಿಡಿಸುವ ಪೇಂಟ್ ಫಂಕ್ಷನ್ ಅನ್ನು ತಾನೇ ಬರೆದಳು. ಮೊದಲು ಟಾಕಿಯ ಗೋಡೆ, ಆಮೇಲೆ ಒಳಗೆ ನೀಲಿ ನೀರು. ಅಂಕಿ ಬದಲಾದಾಗಲೆಲ್ಲ ಚಿತ್ರ ಅಳಿಸಿಹೋಗಿ ಹೊಸದಾಗಿ ಮೂಡುತ್ತಿತ್ತು. ಮೊದಲ ಸಲ ನೀಲಿ ಏರಿದ್ದು ಕಂಡು ಅವಳಿಗೆ ನಿಜಕ್ಕೂ ಖುಷಿಯಾಯಿತು.

ಗೋರಖನಾಥ ನೋಡಿ ಮುಖ ಸಿಂಡರಿಸಿದ. "ಸರ್ಕಾರದವ್ರಿಗಿ ಇಷ್ಟು ಟಾಕಿ ಖಾಲಿ ಕಂಡ್ರ ಗುತ್ತಿಗಿ ಕೈ ಬಿಟ್ಟು ಹೋಗ್ತದ. ಅರ್ಧಕ್ಕಿಂತ ಕೆಳಗ ನೀಲಿ ಇಳಿಬಾರದು, ಹಂಗ ಮಾಡು."

"ಸರ್, ಮಡೆಪ್ಪ ಕಾಕಾ ಚಿತ್ರ ನೋಡೇ ಗಾಡಿ ಕಳಸ್ತಾರ್ರಿ."

"ಅಂವಗ ನಾ ಖಾಲಿ ಟಾಕಿಗೋಳ ಬ್ಯಾರೆ ಪಟ್ಟಿ ಕೊಡ್ತೇನಿ."

ಅವಳು ಒಂದೇ ಒಂದು ಸಾಲು ಸೇರಿಸಿದಳು. ಪರದೆಯಲ್ಲಿ ಖಾಲಿ ಟಾಕಿಗಳೆಲ್ಲ ಅರ್ಧ ತುಂಬಿದವು. ಬೇರೆ ಪಟ್ಟಿ ಮಡೆಪ್ಪನ ಕೈಗೆ ಬರಲೇ ಇಲ್ಲ.

ಎಂಟನೆಯ ದಿನ ಊರಿಂದ ಅವ್ವ ಶೇವಂತಾಬಾಯಿಯ ಫೋನು. "ನಾಕ ದಿನಾ ಆತು ಶಾಲು, ಟ್ಯಾಂಕರ್ ಇಲ್ಲ. ನಮ್ಮ ಓಣಿ ಕೇಶರಬಾಯಿ ಮನ್ಯಾಗಿನವ್ರು ಗಂಟು ಕಟ್ಟಿ ಪುಣೆಕ್ ಹೋದ್ರು."

ಫೋನು ಹಿಡಿದೇ ಶಾಲು ಪರದೆ ನೋಡಿದಳು. ಸಾಯಗಾಂವದ ಟಾಕಿಯಲ್ಲಿ ನೀಲಿ ಅರ್ಧಕ್ಕಿತ್ತು. ಒಳಗಿನ ಅಂಕಿ ತೆಗೆದು ನೋಡಿದಳು, ಸೊನ್ನೆ. ಕೆಲಸ ಬಿಡೋಣವೆಂದರೆ ಸರ್ಟಿಫಿಕೇಟು ಅವನ ಬಳಿ. ಸುಮ್ಮನಿರೋಣವೆಂದರೆ ಆ ನೀಲಿ ಅವಳೇ ಬಳಿದದ್ದು.

ಮರುದಿನ ಭಾಲ್ಕಿಯಲ್ಲಿ ನೀರಿನ ಉಸ್ತುವಾರಿ ಅಧಿಕಾರಿಣಿ ಕರೆದ ಸಭೆಯಿತ್ತು. ದೊಡ್ಡ ಪರದೆಗೆ ಕಂಪ್ಯೂಟರ್ ಜೋಡಿಸುವ ಮೊದಲು ಶಾಲು ಆ ಸಾಲನ್ನು ಅಳಿಸಿದಳು. ಸಭೆ ಶುರುವಾಗಿ ಚಿತ್ರ ಮೂಡಿದಾಗ ಹನ್ನೊಂದು ಟಾಕಿಗಳಲ್ಲಿ ಬರೀ ಗೋಡೆಗಳಿದ್ದವು.

ಗೋರಖನಾಥ ಎದ್ದು ನಿಂತ. "ಸಾಫ್ಟ್‌ವೇರ್ ಕೆಟ್ಟದರಿ ಮೇಡಂ. ಈಗೇ ಸರಿ ಮಾಡಸ್ತೇನಿ."

ಅಧಿಕಾರಿಣಿ ಅವನತ್ತ ತಿರುಗಲಿಲ್ಲ. ಶಾಲುವನ್ನೇ ಕೇಳಿದರು. "ನೀವು ಹೇಳಿ, ಯಾವುದು ಸರಿ?"

"ಈಗ ಕಾಣ್ಲತ್ತಿದ್ದೇ ಖರೆರಿ," ಎಂದಳು ಶಾಲು. "ಮೊದಲಿನ ನೀಲಿ ನಾನೇ ಬಳದಿದ್ದೆರಿ."

ಅಂದು ಸಂಜೆಯೊಳಗೆ ಹನ್ನೊಂದು ಊರುಗಳಿಗೂ ಟ್ಯಾಂಕರ್‌ಗಳು ಹೊರಟವು. ಗೋರಖನಾಥನ ಗುತ್ತಿಗೆಯೂ ಉಳಿಯಿತು, ಜಿಲ್ಲೆಯಲ್ಲಿ ಅಷ್ಟು ಗಾಡಿಗಳಿದ್ದವನು ಅವನೊಬ್ಬನೇ. ಅವನು ಶಾಲುವನ್ನು ಕೆಲಸದಿಂದ ತೆಗೆಯಲಿಲ್ಲ, ಸರ್ಟಿಫಿಕೇಟು ಕೊಟ್ಟು ಕಳಿಸಲೂ ಇಲ್ಲ. ಕಂಪ್ಯೂಟರ್ ಕಿತ್ತುಕೊಂಡು, ಖಾಲಿ ಮೇಜಿನ ಮುಂದೆ ಹತ್ತರಿಂದ ಆರರವರೆಗೆ ಕೂರಿಸಿದ.

ಮೂರನೆಯ ವಾರ ಅವಳು ಒಂದು ದಿನದ ರಜೆ ಕೇಳಿದಳು, ಅವ್ವನನ್ನು ನೋಡಿ ಬರಲು.

"ಎಲ್ಲಿ ಹೋಗ್ತಿ? ಕೂಡು," ಎಂದ ಗೋರಖನಾಥ, ತಲೆ ಎತ್ತದೆ.

ಶಾಲು ಹೋಗಿ ಕೂತಳು. ಗೋಡೆಯ ಗಡಿಯಾರದಲ್ಲಿ ಇನ್ನೂ ಹನ್ನೊಂದೂಕಾಲು.