ಪರದೇಶಿಯ ಹೊಸ್ತಿಲು

ಗೋಡೆಗಳೆಲ್ಲ ಜಾರಿಬಿದ್ದಿದ್ದವು. ಒಂದರ ಕೆಳಗೊಂದು ನೆಟ್ಟಗೆ ನಿಲ್ಲಬೇಕಾಗಿದ್ದ ಸಾಲುಗಳು ಪರದೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಬಲಕ್ಕೆ ಸರಿದು, ಅಂಚಿನಾಚೆ ಎಲ್ಲೋ ಕಾಣೆಯಾಗಿದ್ದವು. ಕೋಣೆ ಯಾವುದು, ಓಣಿ ಯಾವುದು, ಬಾಗಿಲೆಲ್ಲಿ, ಒಂದೂ ತಿಳಿಯುವಂತಿರಲಿಲ್ಲ. ಲ್ಯಾಪ್‌ಟಾಪಿನ ಮುಂದೆ ಗಲ್ಲಕ್ಕೆ ಕೈಕೊಟ್ಟು ತಮ್ಮ ಕೂತಿದ್ದ. ಮಡಿಸಿದ ಬಟ್ಟೆಗಳನ್ನು ಎದೆಗವಚಿಕೊಂಡು ಹಿಂದೆ ಬಂದು ನಿಂತ ಅಕ್ಕ ಕನ್ನಡಕ ಸರಿಮಾಡಿಕೊಂಡು ನೋಡಿದಳು.

"ಏನೋ ಇದು, ಪಾಯ ಹಾಕದೆ ಕಟ್ಟಿದ ಮನೆ ಥರ ಇದೆ?"

"ಸಾಲು ಮುಗಿದ ಮೇಲೆ ಕೆಳಗಿಳಿ ಅಂದ್ರೆ ಇಳಿಯುತ್ತೆ ಅಕ್ಕ. ಎಡಗಡೆಗೆ ವಾಪಸ್ ಬಾ ಅಂತ ಬೇರೆ ಹೇಳ್ಬೇಕು ಇದಕ್ಕೆ."

"ಸರಿಹೋಯ್ತು. ಗಂಡಸರ ಜಾತಿ. ಒಂದು ಹೇಳಿದ್ರೆ ಒಂದೇ ಮಾಡೋದು."

ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ ಭಾವನ ತುಟಿಯ ಎಡತುದಿ ಸ್ವಲ್ಪ ಮೇಲಕ್ಕೆ ಹೋಯಿತು. ಅವರ ನಗು ಈಗ ಅಷ್ಟೇ.

ದೇವರು ಕೊಟ್ಟ ಮಾತನ್ನು ಒಂದು ಬೆಳಿಗ್ಗೆ ದೇವರೇ ವಾಪಸು ಇಸಿದುಕೊಂಡಿದ್ದ. ಲಕ್ವ ಹೊಡೆದು ಭಾವನ ನಾಲಿಗೆಯೂ ಬಲಗೈಯೂ ಒಟ್ಟಿಗೆ ಹೋದವು. ಎಡಗೈಗೆ ಏನೂ ಆಗಲಿಲ್ಲ. ಫಿಸಿಯೋ ಮಾಡಿಸುವಾಕೆ ರಬ್ಬರಿನ ಚೆಂಡು ಕೊಟ್ಟಳು, ಬಿಸಿನೀರಿನಲ್ಲಿ ಅದ್ದಿಸಿದಳು, ತಿಂಗಳುಗಟ್ಟಲೆ ನೀವಿದಳು. ಬಲಗೈ ಮುಷ್ಟಿ ಕಟ್ಟಿಕೊಂಡು, ಮುನಿದ ಮಗುವಿನ ಹಾಗೆ ಮಡಿಲಲ್ಲೇ ಬಿದ್ದಿತ್ತು. ಆಮೇಲೊಂದು ದಿನ ಭಾವ ಕಣ್ಣಿನಲ್ಲೇ ಮೂಲೆಯ ಹಳೆಯ ಟರ್ಮಿನಲನ್ನು ತೋರಿಸಿದರು. ಹಸಿರು ಅಕ್ಷರಗಳ ಆ ಡಬ್ಬವನ್ನು ಅಕ್ಕ ಮದುವೆಯಾದಾಗಿನಿಂದ ಸವತಿ ಎಂದೇ ಕರೆಯುತ್ತಿದ್ದಳು. ಕಚೇರಿಯವರು ಗುಜರಿಗೆ ಹಾಕುವಾಗ ಭಾವ ಅದನ್ನು ಕೇಳಿ ಮನೆಗೆ ತಂದಿದ್ದರು. ಅದರ ಮೇಲೆಯೇ ವರ್ಷಗಟ್ಟಲೆ ಕೂತು ಒಂದು ಆಟ ಬರೆದಿದ್ದರು. ಆಟದ ಹೆಸರು ಪಾತಾಳ. ಚಿತ್ರವಿಲ್ಲ, ಬಣ್ಣವಿಲ್ಲ. ಗೆರೆಗಳೇ ಗೋಡೆ, ಚುಕ್ಕಿಗಳೇ ನೆಲ, ಅಂಕುಡೊಂಕು ಗೀಟುಗಳೇ ನೀರು. ಅದರ ನಡುವೆ ಸುರುಳಿ ಸುತ್ತಿದ ಒಂದೇ ಒಂದು ಗುರುತು ಮನುಷ್ಯ. ಅವನನ್ನು ಮನೆಯವರೆಲ್ಲ ಪರದೇಶಿ ಎನ್ನುತ್ತಿದ್ದರು. ಒಂದು ಕೀಲಿ ಒತ್ತಿದರೆ ಅವನು ಒಂದು ಹೆಜ್ಜೆ ಇಡುತ್ತಿದ್ದ.

ಭಾವ ಎಡಗೈಯಿಂದ ಬಲಗೈಯನ್ನೆತ್ತಿ ಕೀಲಿಗಳ ಮೇಲಿಟ್ಟುಕೊಂಡು ಕೂರತೊಡಗಿದರು. ದಿನವೂ ಹಾಗೆಯೇ. ಎಡಗೈಯಿಂದ ಆಡಿದ್ದರೆ ಸಲೀಸಾಗಿ ಆಡಬಹುದಿತ್ತು, ಆದರೆ ಅದನ್ನು ಅವರು ಆಟಕ್ಕೆ ಸೇರಿಸಲಿಲ್ಲ. ಒಂದು ದಿನ ಬಲಗೈಯ ತೋರುಬೆರಳು ಬಾಗಿತು. ಪರದೇಶಿ ಒಂದು ಚುಕ್ಕಿ ಮುಂದೆ ಹೋದ. ಅದನ್ನು ನೋಡಿದ ಅಕ್ಕ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಪಾತ್ರೆ ತೊಳೆದಳು.

ಒತ್ತುವುದು ಬಂತು, ಎತ್ತುವುದು ಬರಲಿಲ್ಲ. ಬೆರಳು ಕೀಲಿಯ ಮೇಲೆ ಕೂತರೆ ಅಲ್ಲೇ ಕೂತಿರುತ್ತಿತ್ತು. ಎಡಗೈ ಬಂದು ಎತ್ತಬೇಕಿತ್ತು. ಇದನ್ನು ಮಾತ್ರ ನಿಲ್ಲಿಸಬೇಡಿ ಎಂದು ಫಿಸಿಯೋ ಮಾಡಿಸುವಾಕೆ ಅಕ್ಕನನ್ನು ಹೊರಗೆ ಕರೆದು ಹೇಳಿದ್ದಳು. ನಡೆದಷ್ಟು ದಿನ ದಾರಿ, ಬಿಟ್ಟರೆ ಹುಲ್ಲು. ಅಷ್ಟರಲ್ಲಿ ಸವತಿಗೇ ಕಣ್ಣು ಮಂಜಾಯಿತು. ಹಸಿರು ಅಕ್ಷರಗಳು ಮಾಸಿದವು, ಒಂದು ದಿನ ಪರದೆ ಹತ್ತಲೇ ಇಲ್ಲ. ಅದಕ್ಕೆ ಜೋಡಿಸಿದ್ದ ಹಳೆಯ ಪೆಟ್ಟಿಗೆಯ ಒಳಗಿದ್ದದ್ದನ್ನೆಲ್ಲ ತಮ್ಮ ಹೇಗೋ ತನ್ನ ಪೆನ್‌ಡ್ರೈವಿಗೆ ಇಳಿಸಿಕೊಂಡ. ಅದೇ ಆಟವನ್ನು ಹೊಸ ಯಂತ್ರದಲ್ಲಿ ಆಡುವ ಹಾಗೆ ಮಾಡಿಕೊಡು ಎಂದು ಅಕ್ಕ ಕೇಳಿದಳು. ಅವಳು ತಮ್ಮನನ್ನು ಏನಾದರೂ ಕೇಳಿದ್ದು ಅಪರೂಪ.

ಕೆಲಸ ತಿಳಿಯದ್ದೇನಲ್ಲ. ಈ ವಿದ್ಯೆಯನ್ನು ತಮ್ಮನಿಗೆ ಕಲಿಸಿದವರೇ ಭಾವ. ಆಟಕ್ಕೆ ತಾನು ಯಾವ ಯಂತ್ರದಲ್ಲಿದ್ದೇನೆ ಅಂತ ಗೊತ್ತಾಗಬಾರದು ಎನ್ನುತ್ತಿದ್ದರು ಅವರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ. ಯಾವ ಯಂತ್ರಕ್ಕೆ ಹೋದರೂ ಆಟ ಕೀಲಿ ಕೇಳಲೇಬೇಕು, ಪರದೆಯ ಮೇಲೆ ಬರೆಯಲೇಬೇಕು. ಆ ಯಂತ್ರದ ಮರ್ಜಿ, ಆ ಯಂತ್ರದ ಹಟ, ಎಲ್ಲ ಒಂದೇ ಕಡೆ ಇರಲಿ ಎಂದು ಒಂದು ಕಡತ ಬೇರೆ ಮಾಡಿ ಅದಕ್ಕೆ ಹೊಸ್ತಿಲು ಎಂದು ಹೆಸರಿಟ್ಟಿದ್ದರು. ಯಂತ್ರ ಬದಲಾದರೆ ಹೊಸ್ತಿಲು ಮಾತ್ರ ಬದಲಾಗಬೇಕು, ಮನೆ ಹಾಗೆಯೇ ಇರಬೇಕು. ಹೊಸದರಲ್ಲಿ ತಮ್ಮ ಒಮ್ಮೆ ಅವಸರಕ್ಕೆ ಆಟದ ನಡುಮಧ್ಯೆ ಯಂತ್ರದ ಮಾತು ತೂರಿಸಿದ್ದಾಗ, ಅಡುಗೆಮನೆಯಲ್ಲಿ ಬೂಟು ಹಾಕಿಕೊಂಡು ಓಡಾಡುತ್ತಿದ್ದೀಯ ಎಂದು ಮೆಲ್ಲಗೆ ಹೇಳಿ, ತಾವೇ ಕೂತು ಅದನ್ನು ಹೊಸ್ತಿಲಿಗೆ ಸಾಗಿಸಿದ್ದರು.

ಈಗ ಹೊಸ ಯಂತ್ರದ ಹೊಸ್ತಿಲನ್ನು ತಮ್ಮ ಕೆತ್ತುತ್ತಿದ್ದ. ಭಾವನ ಹೆಸರುಗಳೆಲ್ಲ ಮನೆಮಾತಿನವು. ಕೇಳು ಎಂದರೆ ಒಂದು ಕೀಲಿಗಾಗಿ ಕಾಯುವುದು, ಬರೆ ಎಂದರೆ ಹೇಳಿದ ಜಾಗದಲ್ಲಿ ಅಕ್ಷರ ಇಡುವುದು, ಗಂಟೆ ಎಂದರೆ ಸದ್ದು ಮಾಡುವುದು. ಒಂದೊಂದನ್ನೇ ಹೊಸ ಯಂತ್ರದ ಭಾಷೆಗೆ ಹೊಂದಿಸುತ್ತ ಬಂದ. ಜಾರಿದ ಗೋಡೆಗಳು ನೆಟ್ಟಗಾದವು. ಕಿವಿಮುಚ್ಚು ಎಂಬುದೊಂದು ಉಳಿದಿತ್ತು. ಅದು ಏನು ಮಾಡುತ್ತದೆಂದು ಓದಲು ಅವನಿಗೆ ಆಗ ತಾಳ್ಮೆ ಸಾಲಲಿಲ್ಲ. ಪರದೇಶಿಯನ್ನು ನೋಡುವ ಆತುರ. ಆ ಹೆಸರಿನದೊಂದು ಇಲ್ಲದಿದ್ದರೆ ಆಟ ಕಟ್ಟುವುದಿಲ್ಲ ಎಂದು ಯಂತ್ರ ಹಟ ಹಿಡಿಯಿತು. ಅವನು ಹೆಸರು ಬರೆದು, ಒಳಗೆ ಏನೂ ಇಡದೆ, ಪಕ್ಕದಲ್ಲಿ ‘ಆಮೇಲೆ’ ಎಂದು ಟಿಪ್ಪಣಿ ಹಾಕಿದ. ಯಂತ್ರ ಸುಮ್ಮನಾಯಿತು. ಈ ಕಸುಬಿನವರೆಲ್ಲ ಮಾಡುವ ಕೆಲಸವೇ ಅದು.

ಭಾವ ಅರ್ಧಕ್ಕೆ ಉಳಿಸಿಟ್ಟಿದ್ದ ಆಟ ಹೊಸ ಯಂತ್ರದಲ್ಲಿ ತೆರೆಯುತ್ತದೋ ಇಲ್ಲವೋ ಎಂಬ ಭಯವಿತ್ತು. ಒಂದು ಯಂತ್ರ ಬರೆದಿಟ್ಟ ಅಂಕಿಯನ್ನು ಇನ್ನೊಂದು ಹಿಂದುಮುಂದಾಗಿ ಓದುವುದುಂಟು. ಆದರೆ ಭಾವ ಪ್ರತಿಯೊಂದು ಅಂಕಿಯನ್ನೂ ತುಣುಕು ಮಾಡಿ, ಯಾರು ಓದಿದರೂ ತಪ್ಪದ ಹಾಗೆ ಕ್ರಮವಾಗಿ ಇಟ್ಟಿದ್ದರು. ಎಂದೋ ಬರಲಿದ್ದ, ಹೆಸರೂ ಗೊತ್ತಿಲ್ಲದ ಯಂತ್ರಕ್ಕಾಗಿ. ಪರದೆ ಬೆಳಗಿತು. ಪರದೇಶಿ ತಾನಿದ್ದ ಓಣಿಯಲ್ಲೇ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಭಾವನ ಗಂಟಲಿನಿಂದ ಒಂದು ಸದ್ದು ಹೊರಟಿತು. ಅದು ಯಾವ ಮಾತೆಂದು ಅಕ್ಕನಿಗೂ ತಿಳಿಯಲಿಲ್ಲ, ಆದರೂ ಅವಳು ಹೂಂ ಎಂದಳು.

ಆ ಮಧ್ಯಾಹ್ನ ಊಟವಾದ ಮೇಲೆ ಭಾವನ ಕುರ್ಚಿಯನ್ನು ಲ್ಯಾಪ್‌ಟಾಪಿನ ಮುಂದೆ ಎಳೆದರು. ಎಡಗೈ ಬಲಗೈಯನ್ನು ಕರೆತಂದು ಕೀಲಿಗಳ ಮೇಲೆ ಕೂರಿಸಿತು. ಬೆರಳು ಬಾಗಿತು. ಪರದೇಶಿ ಒಂದು ಹೆಜ್ಜೆ ಇಟ್ಟ, ನಿಂತ, ಆಮೇಲೆ ದಡದಡನೆ ಓಣಿಯ ತುದಿಯವರೆಗೂ ಓಡಿದ.

"ಪರದೇಶಿಗೆ ಹರೆಯ ಬಂತು ನೋಡಿ," ಎಂದಳು ಅಕ್ಕ. ತಮ್ಮನೂ ನಕ್ಕ. ಹಳೆಯ ಟರ್ಮಿನಲಿನಲ್ಲಿ ಒಂದು ಸಲ ಒತ್ತಿದರೆ ಒಂದೇ ಅಕ್ಷರ, ಎಷ್ಟು ಹೊತ್ತು ಒತ್ತಿ ಹಿಡಿದರೂ ಒಂದೇ. ಹೊಸ ಕೀಲಿಗಳು ಹಾಗಲ್ಲ. ಬೆರಳಿರುವ ತನಕ ಅದನ್ನೇ ಹೇಳುತ್ತಾ ಹೋಗುತ್ತವೆ. ಪರೀಕ್ಷೆ ಮಾಡುವಾಗ ತಮ್ಮ ಒತ್ತಿದ್ದು ತನ್ನ ಹಗುರವಾದ ಬೆರಳುಗಳಿಂದ. ಅವಕ್ಕೆ ತಾಗುವುದಷ್ಟೇ ಗೊತ್ತು, ಕೂರುವುದು ಗೊತ್ತಿಲ್ಲ.

ಭಾವನಿಗೆ ನಗು ಬರಲಿಲ್ಲ. ಅವರು ಎಡಗೈಯನ್ನು ಇನ್ನೂ ಹತ್ತಿರ ಇಟ್ಟುಕೊಂಡು, ಒತ್ತಿದ ಕೂಡಲೇ ಎತ್ತುವುದನ್ನು ಅಭ್ಯಾಸ ಮಾಡತೊಡಗಿದರು. ಹಾಗೆಯೇ ಒಂದು ಕೋಣೆ ದಾಟಿದರು, ಒಂದು ಬಾಗಿಲು ದಾಟಿದರು. ಹಣೆಯಲ್ಲಿ ಬೆವರು ಮೂಡಿತು. ಬಾಗಿಲಿನಾಚೆ ಕೆರೆಯಿತ್ತು, ಪರದೆಯ ತುಂಬ ಅಂಕುಡೊಂಕು ಗೀಟುಗಳು. ಅಕ್ಕ ಬೆವರೊರೆಸಲು ಬಟ್ಟೆ ತಂದಳು. ಭಾವ ಮುಖವೊಡ್ಡಿದ ಆ ಒಂದು ಗಳಿಗೆಯಲ್ಲಿ ಬೆರಳು ಕೀಲಿಯ ಮೇಲೆ ಕೂತಿತು.

ದಡದಲ್ಲಿ ಗಂಟೆ ಬಾರಿಸಿತು. ಪರದೇಶಿ ನಿಲ್ಲಲಿಲ್ಲ. ಮೈಮೇಲಿನ ಭಾರದ ಕವಚದ ಸಮೇತ ನೀರಿಗಿಳಿದ, ಇನ್ನೂ ಮುಂದೆ ಹೋದ, ಆಮೇಲೆ ಕಾಣಲಿಲ್ಲ. ಎಡಗೈ ಬಂದು ಬೆರಳನ್ನೆತ್ತಿದಾಗ ಪರದೆ ಬರಿದಾಗಿ, ನಡುವೆ ಒಂದೇ ಸಾಲು ಉಳಿದಿತ್ತು: ಪರದೇಶಿ ತೀರಿಕೊಂಡ. ಇನ್ನೊಬ್ಬನನ್ನು ಕಳಿಸಲೇ?

ಭಾವ ತಮ್ಮದೇ ಬೆರಳನ್ನು ನೋಡಿದರು, ಅದು ಬೇರೆ ಯಾರದೋ ಎಂಬ ಹಾಗೆ. ಆಮೇಲೆ ಮಂಚದ ಕಡೆ ಕಣ್ಣು ತಿರುಗಿಸಿದರು. ಅಕ್ಕ ಅವರನ್ನು ಮಲಗಿಸಿ, ಅವರು ಗೋಡೆಗೆ ಮುಖ ಮಾಡಿದ ಮೇಲೆ ಹೊದಿಕೆ ಎಳೆದಳು.

ಭಾವನ ಹಳೆಯ ಹೊಸ್ತಿಲನ್ನು ತೆರೆದು ತಮ್ಮ ಕಿವಿಮುಚ್ಚನ್ನು ಓದಿದ. ಬಹಳ ಚಿಕ್ಕದು. ಮುಂದೆ ಅಪಾಯವಿದ್ದಾಗ ಆಟ ಗಂಟೆ ಬಾರಿಸಿ ಹೊಸ್ತಿಲಿಗೆ ಕಿವಿಮುಚ್ಚು ಎನ್ನುತ್ತದೆ. ಹೊಸ್ತಿಲು ಅಲ್ಲಿಯವರೆಗೆ ಒತ್ತಿ ರಾಶಿ ಬಿದ್ದ ಕೀಲಿಗಳನ್ನೆಲ್ಲ ಎಸೆದು, ಕೈ ಪೂರ್ತಿ ಸುಮ್ಮನಾಗುವವರೆಗೆ ಏನನ್ನೂ ಕೇಳಿಸಿಕೊಳ್ಳಬಾರದು. ಕೈ ತಪ್ಪಿ ಇಟ್ಟ ಹೆಜ್ಜೆಯಿಂದ ಯಾರೂ ಸಾಯಬಾರದು ಎಂದು ಬರೆದದ್ದು ಅದು. ಯಂತ್ರದ ಬಾಯಿ ಮುಚ್ಚಿಸಲು ಅವನು ಇಟ್ಟಿದ್ದ ಖಾಲಿ ಹೆಸರು ಕೆಲಸ ಆಯಿತೆಂದು ಹೇಳಿತ್ತು, ಆಟ ನಂಬಿತ್ತು. ಅವನು ‘ಆಮೇಲೆ’ ಎಂಬುದನ್ನು ಅಳಿಸಿ, ಬರೆಯಬೇಕಾಗಿದ್ದನ್ನು ಬರೆದ. ಕೀಲಿಗಳು ಒಂದನ್ನೇ ಮತ್ತೆ ಮತ್ತೆ ಹೇಳದ ಹಾಗೂ ಮಾಡಿದ. ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಆಟದಲ್ಲಿ ಸತ್ತರೆ ಉಳಿಸಿಟ್ಟದ್ದನ್ನು ಆಟವೇ ಅಳಿಸಿಹಾಕುತ್ತದೆ ಎಂಬುದು ಅವಳಿಗೂ ಗೊತ್ತಿತ್ತು. ಆ ಕಾಲದಲ್ಲಿ ಕಚೇರಿಯ ಗೆಳೆಯರು ಕಳ್ಳತನದಲ್ಲಿ ಪ್ರತಿ ಇಟ್ಟುಕೊಂಡು ಸತ್ತವನನ್ನು ಮತ್ತೆ ಆಡಿಸುತ್ತಿದ್ದರಂತೆ. ಭಾವ ಅವರನ್ನು ಹೆಣ ಎಬ್ಬಿಸೋರು ಎಂದು ಕರೆಯುತ್ತಿದ್ದರು. ತಾವು ಒಮ್ಮೆಯೂ ಇಟ್ಟುಕೊಂಡವರಲ್ಲ.

"ನಿನ್ನ ಹತ್ರ ಇನ್ನೊಂದು ಇದೆಯೇನೋ?" ಎಂದು ಅವಳು ದನಿ ತಗ್ಗಿಸಿ ಕೇಳಿದಳು.

"ಪೆನ್‌ಡ್ರೈವಲ್ಲಿ ಇದೆ."

"ಹಾಕು ಹಾಗಾದ್ರೆ."

"ಭಾವ ಒಪ್ಪಲ್ಲ ಅಕ್ಕ."

"ಅವರ ಬೆರಳಿಗಿಂತ ದೊಡ್ಡದೇನೋ ಆ ನಿಯಮ? ದೇವರೇ ಒಂದೊಂದು ಸಲ ಹೋಗಲಿ ಪಾಪ ಅಂತ ಬಿಡ್ತಾನೆ. ಹಾಕು."

ಮರುದಿನ ಬೆಳಿಗ್ಗೆ ಬಿಸಿಲು ಕಿಟಕಿಯಿಂದ ನೆಲಕ್ಕಿಳಿದಿತ್ತು. ಭಾವನನ್ನು ಕುರ್ಚಿಯಲ್ಲಿ ಕೂರಿಸಿ ಪರದೆ ತೆರೆದರು. ಪರದೇಶಿ ಓಣಿಯಲ್ಲಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಭಾವ ನೋಡಿದರು. ಪರದೆಯನ್ನಲ್ಲ, ತಮ್ಮನನ್ನು.

ನೆಲ ನೋಡುತ್ತಾ ತಮ್ಮ ಹೇಳಿದ, "ಭಾವ, ಅದು ಲೆಕ್ಕಕ್ಕಿಲ್ಲ. ಕಿವಿಮುಚ್ಚು ನಾನು ಬರೆದಿರ್ಲಿಲ್ಲ, ಖಾಲಿ ಬಿಟ್ಟಿದ್ದೆ. ಅವನು ಸತ್ತಿದ್ದು ನನ್ನಿಂದ, ನಿಮ್ಮಿಂದ ಅಲ್ಲ. ಈಗ ಸರಿಮಾಡಿದ್ದೀನಿ. ನೀವು ಆಡಿ."

ಭಾವ ತಲೆಯಾಡಿಸಿದರು. ಕೇಳಿಸಿತು ಎಂದೋ, ಕ್ಷಮಿಸಿದೆ ಎಂದೋ. ಎಡಗೈಯನ್ನು ಚಾಚಿ ತಮ್ಮನ ತಲೆಯ ಮೇಲೆ ಒಂದು ಕ್ಷಣ ಇಟ್ಟರು. ಆಮೇಲೆ ಅದೇ ಎಡಗೈಯಿಂದ ಬಲಗೈಯನ್ನು ಎತ್ತಿಕೊಂಡರು. ಬಲಗೈಯನ್ನು ಅವರು ಕೀಲಿಗಳ ಮೇಲೆ ಇಡಲಿಲ್ಲ. ಮಡಿಲಲ್ಲಿಟ್ಟರು, ಮಲಗಿಸುವ ಹಾಗೆ. ಎಡಗೈ ಮಾತ್ರ ಕೀಲಿಗಳ ಮೇಲೆ ಬಂತು.

ಅದು ಹಳೆಯ ಭಾವನ ಕೈ. ಚಕಚಕನೆ, ಹಗುರವಾಗಿ, ತಪ್ಪದೆ. ಪರದೇಶಿ ಓಣಿ ದಾಟಿದ, ಕೋಣೆ ದಾಟಿದ, ಬಾಗಿಲು ದಾಟಿದ. ದಡದಲ್ಲಿ ಗಂಟೆ ಬಾರಿಸಿತು. ಈ ಸಲ ಪರದೇಶಿ ನಿಂತ; ಹೊಸ್ತಿಲು ಕಿವಿ ಮುಚ್ಚಿ ಕಾಯಿತು. ಭಾವ ಕೈಯನ್ನು ಪೂರ್ತಿ ಎತ್ತಿ, ಗಾಳಿಯಲ್ಲಿ ಹಿಡಿದುಕೊಂಡು ತಾವೂ ಕಾದರು. ಎಲ್ಲ ಸುಮ್ಮನಾದ ಮೇಲೆ ಒಂದು ಕೀಲಿ ಒತ್ತಿದರು. ಪರದೇಶಿ ನೀರಿಗಿಳಿದ. ಇನ್ನೊಂದು ಒತ್ತಿದರು. ಮತ್ತೊಂದು. ಗೀಟುಗಳು ಅವನ ಮೇಲೆ ಕೂಡಿಕೊಂಡವು. ಎಬ್ಬಿಸಿದ ಹೆಣವನ್ನು ಭಾವ ಮತ್ತೆ ಮಲಗಿಸಿದ್ದರು.

ಇನ್ನೊಬ್ಬನನ್ನು ಕಳಿಸಲೇ ಎಂದು ಪರದೆ ಕೇಳಿತು. ಭಾವ ಕಿಟಕಿಯ ಕಡೆ ತಿರುಗಿ ಕಣ್ಣು ಮುಚ್ಚಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಬಹಳ ದೂರ ನಡೆದು ಬಂದವರು ನೆರಳಲ್ಲಿ ಕೂತಾಗ ಇರುವಂಥದೊಂದು ಇತ್ತು.

ತಮ್ಮ ಏನೋ ಹೇಳಲು ಹೋದ. ಅಕ್ಕ ಬೇಡವೆಂದು ಸನ್ನೆ ಮಾಡಿದಳು. ಸ್ಟೂಲು ಎಳೆದುಕೊಂಡು ಗಂಡನ ಎದುರು ಕೂತು, ಮಡಿಲಲ್ಲಿದ್ದ ಬಲಗೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ಬಿಡಿಸಿದಳು. ಬಿಡಿಸಿದ ಬೆರಳು ಮೆಲ್ಲಗೆ ಮತ್ತೆ ಮಡಚಿಕೊಂಡಿತು. ಅವಳು ಮತ್ತೆ ಬಿಡಿಸಿದಳು.